ಕೊಂಡು ನೋಡಬೇಡಿ, ನೋಡಿ ಕೊಳ್ಳಿ

(ಸಂಘದ ಸಭೆಗೆ ಪಾಠ: ಮನೆ ಕೊಳ್ಳುವ ಮುಂಚೆ ಏನೇನು ಪರೀಕ್ಷೆ ಮಾಡಬೇಕು?)



"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂದು ಹಿರಿಯರು ಹೇಳಿದ್ದಾರೆ. ಈಗ ನಮ್ಮ ಸಂಘಗಳಲ್ಲಿ ಮನೆ ಕಟ್ಟುವವರಷ್ಟೇ ಕಟ್ಟಿದ ಮನೆಯನ್ನು ಕೊಳ್ಳುವವರೂ ಇದ್ದಾರೆ. ಹಳ್ಳಿಯಲ್ಲಿ ಅಣ್ಣತಮ್ಮಂದಿರ ಪಾಲಿನ ಹಳೇ ಮನೆ, ಪಟ್ಟಣದ ಅಂಚಿನಲ್ಲಿ ಎರಡು ಖೋಲಿಯ ಹೊಸ ಮನೆ, ಇಲ್ಲವೇ 20 × 30ರ ಒಂದು ಸೈಟು. ವಾರಕ್ಕೆ ಇಷ್ಟು ಎಂದು ಉಳಿಸಿದ್ದು, ಸಂಘದ ಸಾಲ, ಕೊರಳಿನ ಬಂಗಾರ ಎಲ್ಲವೂ ಅದಕ್ಕೇ ಹೋಗುತ್ತದೆ.

ಸೀರೆ ಕೊಳ್ಳುವಾಗ ನಾವು ಸೆರಗು ಬಿಚ್ಚಿಸಿ ನೋಡುತ್ತೇವೆ, ಬಣ್ಣ ಬಿಡುತ್ತದೇನು ಎಂದು ಕೇಳುತ್ತೇವೆ. ಎಮ್ಮೆ ಕೊಳ್ಳುವಾಗ ಹಲ್ಲು ಎಣಿಸುತ್ತೇವೆ, ಎರಡು ಹೊತ್ತು ಹಾಲು ಹಿಂಡಿ ನೋಡುತ್ತೇವೆ. ಮನೆ ಕೊಳ್ಳುವಾಗ ಮಾತ್ರ ಬಹಳ ಕಡೆ ಗಂಡಸರು ಸಂಜೆ ತಂಪು ಹೊತ್ತಿನಲ್ಲಿ ಹೋಗಿ, ಅರ್ಧ ತಾಸು ನಿಂತು, ಚಹಾ ಕುಡಿದು, ಸಂಚಕಾರ ಕೊಟ್ಟು ಬರುತ್ತಾರೆ. ಹೆಣ್ಣುಮಕ್ಕಳು ಮನೆ ನೋಡುವುದು ಹಾಲು ಉಕ್ಕಿಸುವ ದಿನವೇ! ಆದರೆ ಆ ಮನೆಯಲ್ಲಿ ದಿನಕ್ಕೆ ಹೆಚ್ಚು ಹೊತ್ತು ಇರುವವರು, ನೀರು ಹೊರುವವರು, ಸೋರುವ ಮೂಲೆಗೆ ಪಾತ್ರೆ ಇಡುವವರು, ಸಾಲದ ಕಂತು ಕಟ್ಟುವವರು ನಾವೇ ಅಲ್ಲವೇ?

ಆದ್ದರಿಂದ ಈ ಪಾಠದ ಸಾರ ಒಂದೇ: ಸಂಚಕಾರ ಕೊಡುವ ಮುಂಚೆ ನೀವೇ ಹೋಗಿ ನೋಡಬೇಕು. ಬಿಸಿಲಿನಲ್ಲಿ ನೋಡಬೇಕು, ಮಳೆಯನ್ನು ನೆನೆದು ನೋಡಬೇಕು, ನೀರು ನೋಡಬೇಕು, ಕಾಗದ ನೋಡಬೇಕು. ಸಂಚಕಾರ ಕೈಬಿಟ್ಟ ಮೇಲೆ ಮಾರುವವರ ಮಾತು ಗಟ್ಟಿ, ನಮ್ಮ ಮಾತು ಮೆತ್ತಗೆ.

1. ಮಟಮಟ ಮಧ್ಯಾಹ್ನ ನೋಡಿ

ನಮ್ಮದು ಬಿಸಿಲ ನಾಡು. ಏಪ್ರಿಲ್–ಮೇ ತಿಂಗಳಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಲ್ಲಾ ಕಡೆ 40 ಡಿಗ್ರಿ ಹತ್ತಿರ ಸುಡುತ್ತದೆ. ಚಳಿಗಾಲದ ಸಂಜೆ ಯಾವ ಮನೆಯಾದರೂ ಚೆಂದವೇ. ಆದ್ದರಿಂದ ಮಧ್ಯಾಹ್ನ 2ರಿಂದ 4 ಗಂಟೆಯೊಳಗೆ ಒಮ್ಮೆ ಹೋಗಿ, ಒಳಗೆ ಒಂದು ತಾಸು ಕೂತುಬನ್ನಿ. ಸಾಧ್ಯವಾದರೆ ಕರೆಂಟು ಇಲ್ಲದ ಹೊತ್ತಿನಲ್ಲಿ ಕೂತು ನೋಡಿ.

ಮೊದಲು ಮೇಲ್ಛಾವಣಿ ನೋಡಿ. ತಗಡಿನ ಮನೆ ಬೇಗ ಕಾಯುತ್ತದೆ, ಬೇಗ ಆರುತ್ತದೆ. ಹಗಲು ಒಳಗೆ ಕೂರಲು ಆಗುವುದಿಲ್ಲ. ಆರ್‌ಸಿಸಿ ಮನೆ ಹಗಲೆಲ್ಲಾ ಬಿಸಿ ಹೀರಿಕೊಂಡು ರಾತ್ರಿ ಕೆಳಗೆ ಬಿಡುತ್ತದೆ. ಮಕ್ಕಳಿಗೆ ನಿದ್ದೆ ಇರುವುದಿಲ್ಲ. ಇದಕ್ಕೆ ಸೋವಿ ಉಪಾಯ ಮೇಲೆ ಬಿಳಿ ಸುಣ್ಣ ಬಳಿಯುವುದು. ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ತಳ್ಳುತ್ತದೆ. ಆದರೆ ಛಾವಣಿ ತೀರಾ ಕೆಳಗಿದ್ದರೆ ಸುಣ್ಣ ಒಂದರಿಂದಲೇ ಆಗುವುದಿಲ್ಲ. ನೆಲದಿಂದ ಛಾವಣಿಗೆ 10 ಅಡಿಯಾದರೂ ಇದೆಯೇ, ಅಳೆಯಿರಿ.

ಎರಡನೆಯದು ಪಡುವಣ ಗೋಡೆ. ಇಳಿಹೊತ್ತಿನ ಬಿಸಿಲು ಬೀಳುವುದು ಅದರ ಮೇಲೆ. ಸಂಜೆ 4ಕ್ಕೆ ಆ ಗೋಡೆಯ ಒಳಮೈಗೆ ಅಂಗೈ ಇಟ್ಟು ನೋಡಿ. ರೊಟ್ಟಿ ಹಂಚಿನ ಹಾಗೆ ಬಿಸಿ ಇದ್ದು, ಮಲಗುವ ಖೋಲಿಯೂ ಅಲ್ಲೇ ಇದ್ದರೆ ಯೋಚನೆ ಮಾಡಿ. ಹೊರಗೆ ಒಂದು ಬೇವಿನ ಮರ ಹಚ್ಚಲು ಜಾಗ ಇದೆಯೇ? ಕಿಟಕಿಗಳ ಮೇಲೆ ಛಜ್ಜಾ ಇದೆಯೇ?

ಮೂರನೆಯದು ಗಾಳಿ. ಒಂದು ಗೋಡೆಗೆ ಕಿಟಕಿ ಇದ್ದರೆ ಗಾಳಿ ಬಂದ ದಾರಿಯಲ್ಲೇ ನಿಲ್ಲುತ್ತದೆ. ಎದುರು ಬದುರು ಕಿಟಕಿ–ಬಾಗಿಲು ಇದ್ದರೆ ಹಾದು ಹೋಗುತ್ತದೆ. ಪಕ್ಕದ ಖಾಲಿ ಜಾಗ ಯಾರದು ಎಂದೂ ಕೇಳಿ. ನಾಳೆ ಅಲ್ಲಿ ಗೋಡೆ ಎದ್ದರೆ ನಿಮ್ಮ ಕಿಟಕಿ ಮುಚ್ಚಿತು. ಅಡಿಗೆ ಮನೆಯ ಹೊಗೆ ಎಲ್ಲಿಂದ ಹೋಗುತ್ತದೆ ಎಂಬುದನ್ನು ಮರೆಯಬೇಡಿ.

ನಮ್ಮ ಹಳೇ ಮಾಳಿಗೆ ಮನೆಗಳನ್ನು ಕಂಡು ಮೂಗು ಮುರಿಯಬೇಕಿಲ್ಲ. ಎರಡು ಅಡಿ ದಪ್ಪದ ಕಲ್ಲು–ಮಣ್ಣಿನ ಗೋಡೆ, ಮೇಲೆ ಮಣ್ಣಿನ ಹೊದಿಕೆ ಇದ್ದದ್ದರಿಂದಲೇ ಅವು ಬೇಸಿಗೆಯಲ್ಲಿ ತಂಪು. ಆದರೆ ಅವುಗಳ ವೈರಿಗಳು ಎರಡು: ಒರಲಿ ಮತ್ತು ಮಳೆ. ಜಂತಿ, ತೊಲೆ, ಕಂಬದ ಬುಡ ಇವುಗಳಿಗೆ ಚೂಪಾದ ಕಬ್ಬಿಣದ ಸಲಾಕೆಯಿಂದ ಚುಚ್ಚಿ ನೋಡಿ. ಸಲೀಸಾಗಿ ಒಳಗೆ ಇಳಿದರೆ ಒಳಗೆಲ್ಲಾ ಒರಲಿ ತಿಂದಿದೆ ಎಂದು ತಿಳಿಯಿರಿ.

2. ಮಳೆ ಬಂದರೆ ಏನಾದೀತು?

"ನಮ್ಮ ಕಡಿ ಮಳಿನ ಇಲ್ಲ, ಇನ್ನು ನೀರು ಎಲ್ಲಿಂದ ನುಗ್ಗತದ್ರಿ ಸಿಸ್ಟರ್?" ಎಂದು ಕೇಳುವವರಿದ್ದಾರೆ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ವಾರವನ್ನು ನೆನಪು ಮಾಡಿಕೊಳ್ಳಿ. ಉತ್ತರ ಕರ್ನಾಟಕದಲ್ಲೆಲ್ಲಾ ಕೆಲವೇ ದಿನಗಳಲ್ಲಿ ಸುರಿದ ಮಳೆಗೆ ಸಾವಿರಾರು ಮಣ್ಣಿನ ಮನೆಗಳು ಕುಸಿದವು. ಬರದ ನಾಡಿನ ಮಳೆ ಹೀಗೆಯೇ: ವರ್ಷಗಟ್ಟಲೆ ಬರುವುದಿಲ್ಲ, ಬಂದರೆ ಒಮ್ಮೆಲೇ ಬರುತ್ತದೆ. ಬೇಸಿಗೆಯಲ್ಲಿ ಒಣಗಿದ ಹಳ್ಳ ಸತ್ತಿಲ್ಲ, ಮಲಗಿದೆ ಅಷ್ಟೇ.

ಮಳೆಗಾಲದವರೆಗೆ ಕಾಯಲು ಆಗದಿದ್ದರೆ ಈ ಗುರುತುಗಳನ್ನು ಹುಡುಕಿ:

• ರಸ್ತೆ ಮತ್ತು ಹೊಸ್ತಿಲು. ಊರೊಳಗೆ ಸಿಮೆಂಟ್ ರಸ್ತೆ ಮಾಡಿದಾಗಲೆಲ್ಲಾ ರಸ್ತೆ ಮೇಲೇಳುತ್ತದೆ, ಹಳೇ ಮನೆ ತಗ್ಗಿಗೆ ಬೀಳುತ್ತದೆ. ಹೊಸ್ತಿಲು ರಸ್ತೆಗಿಂತ ಕೆಳಗಿದ್ದರೆ ಬೀದಿಯ ನೀರೆಲ್ಲಾ ನಿಮ್ಮ ಪಡಸಾಲೆಗೆ.

• ಗೋಡೆಯ ಬುಡ. ಮೊಣಕಾಲಿನ ಎತ್ತರಕ್ಕೆ ಪ್ಲಾಸ್ಟರ್ ಉದುರಿದೆಯೇ? ಬಿಳಿ ಉಪ್ಪು ಎದ್ದಿದೆಯೇ? ಹೊಸ ಬಣ್ಣದ ಅಡಿಯಲ್ಲಿ ಕೈಯಾಡಿಸಿ ನೋಡಿ.

• ಛಾವಣಿಯ ಮೂಲೆಗಳು. ಚಹಾ ಕಲೆಯಂಥ ಗುರುತು ಇದ್ದರೆ ಸೋರುತ್ತದೆ. ಸ್ಲ್ಯಾಬಿನ ಕೆಳಗೆ ಸಿಮೆಂಟು ಉದುರಿ ಕಬ್ಬಿಣ ಕಂಡರೆ, ಅದು ತುಕ್ಕು ಹಿಡಿದಿದ್ದರೆ, ಅದು ಬರೀ ಬಣ್ಣದಿಂದ ಮುಚ್ಚುವ ರೋಗವಲ್ಲ.

• ಗಟಾರ. ನೀರು ಎಲ್ಲಿಗೆ ಹೋಗಿ ಸೇರುತ್ತದೆ ಎಂದು ಕಾಲ್ನಡಿಗೆಯಲ್ಲಿ ಕೊನೆಯತನಕ ಹೋಗಿ ನೋಡಿ.

ಎಲ್ಲಕ್ಕಿಂತ ದೊಡ್ಡ ಪರೀಕ್ಷೆ ಪಕ್ಕದ ಮನೆಯ ಅಜ್ಜಿಯದು. "ಯಜಮಾನ್ತಿ, 2009ರಾಗ ಇಲ್ಲಿತನಕ ನೀರು ಬಂದಿತ್ತೇನ್ರಿ?" ಎಂದು ಕೇಳಿ. ಅವರು ಬೆರಳು ತೋರಿಸುವ ಗೆರೆ ಯಾವ ಇಂಜಿನಿಯರನ ನಕ್ಷೆಗಿಂತ ಕಡಿಮೆಯಲ್ಲ. ಗಂಗಾವತಿ ಕಡೆ ತುಂಗಭದ್ರಾ ನದಿ ದಂಡೆಯ ಊರುಗಳಲ್ಲಿ ಇದನ್ನು ಕೇಳಲೇಬೇಕು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ಕೆಳದಂಡೆಯ ಜನ ಹೇಗೆ ಎಚ್ಚರದಿಂದ ದಿನ ಕಳೆದರು ಎಂಬುದು ನಿಮಗೆಲ್ಲಾ ಗೊತ್ತೇ ಇದೆ.

3. ನೆಲದ ಗುಣ ನೋಡಿ

ನಮ್ಮ ತಾಲೂಕುಗಳ ನೆಲ ಒಂದೇ ಅಲ್ಲ. ಯಲಬುರ್ಗಾ, ಕುಕನೂರು ಕಡೆ ಮತ್ತು ಕುಷ್ಟಗಿಯ ಕೆಲವು ಊರುಗಳಲ್ಲಿ ಎರೆ ಭೂಮಿ. ಎರೆ ಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ. ಹೊಲದಲ್ಲಿ ಕೈ ಹೋಗುವಷ್ಟು ಬಿರುಕು ನೀವೇ ಕಂಡಿದ್ದೀರಿ. ಅದೇ ಮಣ್ಣಿನ ಮೇಲೆ ಎರಡು ಅಡಿ ಬುನಾದಿ ಹಾಕಿದ ಮನೆ ವರ್ಷಕ್ಕೊಮ್ಮೆ ಉಸಿರಾಡುತ್ತದೆ! ಕಿಟಕಿ, ಬಾಗಿಲಿನ ಮೂಲೆಯಿಂದ ಓರೆಯಾಗಿ ಏರುವ ಬಿರುಕು ಇದರ ಗುರುತು. ಬಾಗಿಲು ಮಳೆಗಾಲದಲ್ಲಿ ಹಾಕಲು ಬರುವುದಿಲ್ಲ, ಬೇಸಿಗೆಯಲ್ಲಿ ಸಡಿಲ ಎಂದರೂ ಅನುಮಾನಪಡಿ. ಕೂದಲೆಳೆಯಂಥ ಬಿರುಕಿಗೆ ಹೆದರಬೇಡಿ. ಒಂದು ರೂಪಾಯಿ ನಾಣ್ಯದ ಅಂಚು ಒಳಗೆ ಹೋಗುವ ಬಿರುಕಿದ್ದರೆ, ಗೋಡೆಯ ಎರಡೂ ಕಡೆ ಕಾಣುತ್ತಿದ್ದರೆ, ತಿಳಿದ ಮೇಸ್ತ್ರಿಯನ್ನು ಕರೆದುಕೊಂಡು ಹೋಗಿ. ಬುನಾದಿ ಎರೆ ದಾಟಿ ಗರಸಿನವರೆಗೆ ಇಳಿದಿದೆಯೇ ಎಂದು ಕಟ್ಟಿದವರನ್ನೇ ಕೇಳಿ. ಮನೆ ಮಾರುವವರ ಮೇಸ್ತ್ರಿ ಬೇಡ, ನಿಮ್ಮವರೇ ಇರಲಿ.

ಗಂಗಾವತಿ, ಕಾರಟಗಿ ಕಡೆ ಬೇರೆ ಕಥೆ. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಬಂದ ಮೇಲೆ ಅಲ್ಲಿ ಬತ್ತದ ಗದ್ದೆಗಳಾದವು. ಗದ್ದೆಯ ಪಕ್ಕದ ಸೈಟುಗಳಲ್ಲಿ ನೆಲದಡಿಯ ನೀರು ಮೇಲಿರುತ್ತದೆ, ಕೆಲವು ಕಡೆ ನೆಲ ಸವಳಾಗಿದೆ. ಅಲ್ಲಿ ಗೋಡೆ ನೀರೆಳೆದು ಹಸಿ ಹಿಡಿಯುತ್ತದೆ, ಶೌಚಾಲಯದ ಗುಂಡಿ ಬೇಗ ತುಂಬುತ್ತದೆ, ಸೊಳ್ಳೆ ಕಾಟವೂ ಹೆಚ್ಚು. ಕಾಲುವೆಗೆ ನೀರು ಬಿಟ್ಟ ತಿಂಗಳಲ್ಲಿ ಒಮ್ಮೆ ಹೋಗಿ ನೋಡುವುದು ಒಳ್ಳೆಯದು.

ಕೊಪ್ಪಳದ ಸುತ್ತ ಗಿಣಿಗೇರಾ, ಹಿರೇಬಗನಾಳ ಕಡೆ ಕಾರ್ಖಾನೆಗಳ ಧೂಳಿನ ಮಾತು ನಿಮಗೆ ಹೊಸದಲ್ಲ. 2025ರ ಫೆಬ್ರವರಿಯಲ್ಲಿ ಇದೇ ಕಾರಣಕ್ಕೆ ಕೊಪ್ಪಳ ಬಂದ್ ಕೂಡ ಆಯಿತು. ಅಲ್ಲಿ ಮನೆ ನೋಡುವವರು ಒಂದು ಬಿಳಿ ಬಟ್ಟೆಯನ್ನು ಒದ್ದೆ ಮಾಡಿ ಮಾಳಿಗೆಯ ಮೇಲೆ ಒಂದು ರಾತ್ರಿ ಹಾಸಿಟ್ಟು ಬೆಳಿಗ್ಗೆ ನೋಡಿ. ಆ ಬಟ್ಟೆಯ ಮೇಲೆ ಬಿದ್ದದ್ದೇ ನಿಮ್ಮ ಮಕ್ಕಳು ಎಳೆದುಕೊಳ್ಳುವ ಉಸಿರಿನಲ್ಲಿಯೂ ಇರುತ್ತದೆ. ದಮ್ಮಿನ ರೋಗದವರು ಮನೆಯಲ್ಲಿದ್ದರೆ ಇನ್ನೂ ಎಚ್ಚರ ಬೇಕು. ದೊಡ್ಡ ವಿದ್ಯುತ್ ತಂತಿ ಮೇಲೆ ಹಾದುಹೋಗುವ ಸೈಟು ಎಷ್ಟು ಸೋವಿ ಸಿಕ್ಕರೂ ಬೇಡ.

4. ನೀರು: ಎಷ್ಟು, ಎಂಥದು?

ನಳ ಇದೆ ಎಂದ ಮಾತ್ರಕ್ಕೆ ನೀರು ಇದೆ ಎಂದಲ್ಲ. ಎಷ್ಟು ದಿನಕ್ಕೊಮ್ಮೆ ಬಿಡುತ್ತಾರೆ? ಎಷ್ಟು ಹೊತ್ತು? ಬೇಸಿಗೆಯಲ್ಲಿ ಏನು ಗತಿ? ಇದನ್ನು ಮಾರುವವರನ್ನು ಕೇಳಬೇಡಿ, ಕೊಡ ಹಿಡಿದು ನಿಂತ ಪಕ್ಕದ ಮನೆಯ ಹೆಣ್ಣುಮಗಳನ್ನು ಕೇಳಿ. 2019ರಲ್ಲಿ ಆರಂಭವಾದ ಜಲಜೀವನ್ ಮಿಷನ್ ಯೋಜನೆಯ ಗುರಿ ಹಳ್ಳಿಯಲ್ಲಿ ತಲೆಗೆ ದಿನಕ್ಕೆ 55 ಲೀಟರ್. ಐದು ಜನರ ಮನೆಗೆ 275 ಲೀಟರ್ ಆಯಿತು. ಅಷ್ಟು ಬರುತ್ತದೆಯೇ? ಬರದಿದ್ದರೆ ಹಿಡಿದಿಡಲು ಹೌದಿನ ಜಾಗ ಇದೆಯೇ?

ಎರಡನೆಯ ಪ್ರಶ್ನೆ ಇನ್ನೂ ದೊಡ್ಡದು. ನಮ್ಮ ಜಿಲ್ಲೆಯ ಎಷ್ಟೋ ಬೋರ್‌ವೆಲ್ ನೀರಿನಲ್ಲಿ, ಮುಖ್ಯವಾಗಿ ಕುಷ್ಟಗಿ, ಯಲಬುರ್ಗಾ ಕಡೆ, ಫ್ಲೋರೈಡ್ ಹೆಚ್ಚಿದೆ. ಒಂದು ಲೀಟರಿಗೆ 1.5 ಮಿಲಿಗ್ರಾಂಗಿಂತ ಹೆಚ್ಚಿದ್ದರೆ ಕುಡಿಯಲು ಯೋಗ್ಯವಲ್ಲ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಮೊದಲು ಮಕ್ಕಳ ಹಲ್ಲಿನ ಮೇಲೆ ಸುಣ್ಣದಂಥ ಚುಕ್ಕೆ, ಕಂದು ಗೆರೆ ಬರುತ್ತದೆ. ವರ್ಷಗಳು ಕಳೆದಂತೆ ಕೀಲು, ಬೆನ್ನು ಹಿಡಿದುಕೊಳ್ಳುತ್ತವೆ. ಆದ್ದರಿಂದ ಆ ಓಣಿಯಲ್ಲೇ ಹುಟ್ಟಿ ಬೆಳೆದ ಹತ್ತು ಹನ್ನೆರಡು ವರ್ಷದ ಮಕ್ಕಳನ್ನು ಮಾತನಾಡಿಸಿ, ಅವರು ನಕ್ಕಾಗ ಹಲ್ಲು ನೋಡಿ. ಮುದುಕರು ಹೇಗೆ ಎದ್ದು ಕೂರುತ್ತಾರೆ ನೋಡಿ.

"ಕುದಿಸಿ ಕುಡದ್ರ ಆತಲ್ರಿ?" ಎಂದು ಬಹಳ ಜನ ಕೇಳುತ್ತಾರೆ. ಆಗುವುದಿಲ್ಲ. ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ; ನೀರು ಆವಿಯಾಗಿ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಜಲಜೀವನ್ ಮಿಷನ್‌ನಲ್ಲಿ ನೀರು ಪರೀಕ್ಷೆ ಮಾಡುವ ಕಿಟ್‌ಗಳನ್ನು ಗ್ರಾಮ ಪಂಚಾಯಿತಿಗಳಿಗೆ ಕೊಟ್ಟು, ಹಳ್ಳಿಯ ಮಹಿಳೆಯರಿಗೇ ತರಬೇತಿ ಕೊಡುವ ವ್ಯವಸ್ಥೆ ಇದೆ. ಪಂಚಾಯಿತಿಯಲ್ಲಿ ಕೇಳಿ, ಒಂದು ಬಾಟಲಿ ನೀರು ಪರೀಕ್ಷೆ ಮಾಡಿಸಿ. ನೀರು ಕೆಟ್ಟದ್ದಿದ್ದರೆ ಶುದ್ಧ ನೀರಿನ ಘಟಕ ಎಷ್ಟು ದೂರ, ಅದು ನಿಜವಾಗಿ ನಡೆಯುತ್ತಿದೆಯೇ ಎಂದು ನೋಡಿ.

ಶೌಚಾಲಯವನ್ನೂ ನೋಡಿ. ಬಾಗಿಲು, ನೀರು, ಗುಂಡಿ ಮೂರೂ ಸರಿ ಇವೆಯೇ? ಗುಂಡಿಗೂ ಕುಡಿಯುವ ನೀರಿನ ಬೋರಿಗೂ ಕನಿಷ್ಠ 10 ಮೀಟರ್, ಅಂದರೆ ಸುಮಾರು 33 ಅಡಿ ದೂರ ಇರಬೇಕು.

5. ಕಾಗದ: ಮನೆಯ ಜಾತಕ

ಗೋಡೆಯ ಬಿರುಕು ಮುಚ್ಚಬಹುದು. ಕಾಗದದ ಬಿರುಕು ಮುಚ್ಚುವುದು ಕಷ್ಟ. ಕೆಳಗಿನವುಗಳನ್ನು ಒಂದೊಂದಾಗಿ ಕೇಳಿ.

ಬಾಂಡ್ ಪೇಪರ್ ಮೇಲಿನ ಬರಹ ಖರೀದಿ ಅಲ್ಲ. "ಪಂಚರ ಮುಂದ ಬಾಂಡ್ ಮ್ಯಾಲ ಬರಸೀವ್ರಿ, ರೊಕ್ಕಾ ಪೂರಾ ಕೊಟ್ಟೀವ್ರಿ, ಸಾಲಂಗಿಲ್ಲೇನ್ರಿ?" ಸಾಲುವುದಿಲ್ಲ. 1908ರ ನೋಂದಣಿ ಕಾಯ್ದೆಯ ಪ್ರಕಾರ 100 ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಬೆಲೆಯ ಸ್ಥಿರಾಸ್ತಿಯ ಕ್ರಯಪತ್ರ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಣಿ ಆಗಲೇಬೇಕು. ಕರಾರು ಪತ್ರ, ಜಿ.ಪಿ.ಎ. ಇವುಗಳಿಂದ ಮಾಲೀಕತ್ವ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿಯೇ ಸ್ಪಷ್ಟವಾಗಿ ಹೇಳಿದೆ. ಬಾಂಡ್ ಮೇಲೆ ಮಾರಿದವರು ಅದೇ ಮನೆಯನ್ನು ಇನ್ನೊಬ್ಬರಿಗೆ ನೋಂದಣಿ ಮಾಡಿಕೊಟ್ಟರೆ ನೀವು ಕೋರ್ಟು ಅಲೆಯಬೇಕಾಗುತ್ತದೆ.

ಮೂಲ ಕ್ರಯಪತ್ರ ಕಣ್ಣಾರೆ ನೋಡಿ. ಝೆರಾಕ್ಸ್ ಸಾಕಾಗುವುದಿಲ್ಲ. "ಮೂಲ ಪತ್ರ ಊರಲ್ಲಿದೆ, ಆಮೇಲೆ ಕೊಡ್ತೀನಿ" ಎಂದರೆ ಅದು ಬ್ಯಾಂಕಿನಲ್ಲೋ ಸಾಹುಕಾರರಲ್ಲೋ ಅಡವು ಇರಬಹುದು. ಮಾರುವವರಿಗೆ ಆಸ್ತಿ ಯಾರಿಂದ ಬಂತು, ಅವರಿಗೆ ಯಾರಿಂದ ಬಂತು ಎಂಬ ಕೊಂಡಿ ಎಲ್ಲೂ ಕಡಿದಿರಬಾರದು.

ಋಣಭಾರ ಪತ್ರ ತೆಗೆಸಿ. ಎಲ್ಲರೂ ಇ.ಸಿ. ಎನ್ನುವುದು ಇದಕ್ಕೇ. ನೋಂದಣಿ ಆದ ಮಾರಾಟ, ಅಡಮಾನ, ದಾನ, ವಿಭಾಗ ಎಲ್ಲಾ ಇದರಲ್ಲಿ ಬರುತ್ತವೆ. ವ್ಯವಹಾರಗಳಿದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16 ಸಿಗುತ್ತದೆ. ಈಗ ಕಾವೇರಿ ಆನ್‌ಲೈನ್‌ನಲ್ಲಿಯೂ ತೆಗೆಯಬಹುದು. 2004ರ ಏಪ್ರಿಲ್‌ಗಿಂತ ಹಿಂದಿನದನ್ನು ಕಚೇರಿಯಲ್ಲಿ ಹುಡುಕಿಸಬೇಕು. ಕನಿಷ್ಠ 30 ವರ್ಷದ್ದು ನೋಡಿ. ನೋಂದಣಿ ಆಗದ ಕೈಸಾಲ, ಬಾಂಡ್ ಬರಹ ಇದರಲ್ಲಿ ಕಾಣುವುದಿಲ್ಲ ಎಂಬುದು ನೆನಪಿರಲಿ.

ಖಾತಾ ನೋಡಿ. ಗ್ರಾಮ ಪಂಚಾಯಿತಿಯಲ್ಲಿ ಇ-ಸ್ವತ್ತು ನಮೂನೆ 9 ಮತ್ತು 11, ಪಟ್ಟಣದಲ್ಲಿ ನಗರಸಭೆ, ಪುರಸಭೆ ಅಥವಾ ಪಟ್ಟಣ ಪಂಚಾಯಿತಿಯ ಇ-ಖಾತಾ. ಅದರಲ್ಲಿರುವ ಹೆಸರು, ಅಳತೆ, ನಾಲ್ಕು ದಿಕ್ಕಿನ ಚೆಕ್ಕುಬಂದಿ ಸ್ಥಳದಲ್ಲಿ ಹೊಂದುತ್ತವೆಯೇ ಎಂದು ಟೇಪು ಹಿಡಿದು ಅಳೆಯಿರಿ. ಖಾತಾ ಎಂದರೆ ತೆರಿಗೆಯ ಲೆಕ್ಕ. ಅದೊಂದೇ ಹಕ್ಕುಪತ್ರ ಆಗುವುದಿಲ್ಲ.

ಹೊಸ ಸೈಟಾದರೆ ಅದು ಹೊಲವೋ ನಿವೇಶನವೋ ನೋಡಿ. ಕಲ್ಲು ನೆಟ್ಟು, ಸುಣ್ಣದ ಗೆರೆ ಎಳೆದ ಮಾತ್ರಕ್ಕೆ ಹೊಲ ಲೇಔಟ್ ಆಗುವುದಿಲ್ಲ. ಭೂಪರಿವರ್ತನೆ ಆದೇಶ, ಅಂದರೆ ಎಲ್ಲರೂ ಎನ್.ಎ. ಎನ್ನುವುದು, ಮತ್ತು ಅನುಮೋದನೆಯಾದ ಲೇಔಟ್ ನಕ್ಷೆ ಎರಡೂ ಬೇಕು. ಇಲ್ಲದಿದ್ದರೆ ರಸ್ತೆ, ಗಟಾರ, ನಳಕ್ಕಾಗಿ ವರ್ಷಗಟ್ಟಲೆ ಕಚೇರಿ ಸುತ್ತಬೇಕು, ಬ್ಯಾಂಕ್ ಸಾಲವೂ ಕಷ್ಟ. ಸರ್ಕಾರದ ದಿಶಾಂಕ್ ಆ್ಯಪ್ ಹಾಕಿಕೊಂಡು ಆ ಜಾಗದಲ್ಲಿ ನಿಂತರೆ ಸರ್ವೆ ನಂಬರ್ ತೋರಿಸುತ್ತದೆ. ಕೆರೆ, ಹಳ್ಳ, ಸರ್ಕಾರಿ ಜಮೀನು ಎಂಬ ಸುಳಿವೂ ಸಿಗುತ್ತದೆ. ಕಾಲೇಜಿಗೆ ಹೋಗುವ ಮಗಳಿಗೆ ಈ ಕೆಲಸ ವಹಿಸಿ.

6. ಮಾರಬಾರದ್ದನ್ನು ಕೊಳ್ಳಬೇಡಿ

ಕೆಲವು ಆಸ್ತಿಗಳನ್ನು ಮಾರುವವರು ಪ್ರಾಮಾಣಿಕರಾದರೂ ಕಾನೂನು ಒಪ್ಪುವುದಿಲ್ಲ.

ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು 1978ರ ಪಿ.ಟಿ.ಸಿ.ಎಲ್. ಕಾಯ್ದೆಯ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ. ಅಂಥ ಜಮೀನಿನಲ್ಲಿ ಮಾಡಿದ ಸೈಟು ಕೊಂಡರೆ ಅದು ಮೂಲ ಕುಟುಂಬಕ್ಕೆ ಹಿಂದಿರುಗಬಹುದು. ಅರ್ಜಿ ಹಾಕಲು ಕಾಲಮಿತಿಯೇ ಇಲ್ಲ ಎಂದು 2023ರಲ್ಲಿ ತಿದ್ದುಪಡಿಯೂ ಆಗಿದೆ. ನಮ್ಮ ಸಂಘಗಳಲ್ಲಿ ಇಂಥ ಜಮೀನು ಪಡೆದ ಕುಟುಂಬದವರೂ ಇದ್ದಾರೆ. ಅವರಿಗೆ ಈ ಕಾಯ್ದೆ ಒಂದು ರಕ್ಷಣೆ, ಅದನ್ನೂ ತಿಳಿದಿರಲಿ. ಆಶ್ರಯ ಮನೆ, ಸರ್ಕಾರಿ ನಿವೇಶನಗಳ ಹಕ್ಕುಪತ್ರದಲ್ಲಿಯೂ "ಇಷ್ಟು ವರ್ಷ ಮಾರಬಾರದು" ಎಂಬ ಷರತ್ತು ಇರುತ್ತದೆ. ಓದಿಸಿ ನೋಡಿ.

ಗಂಗಾವತಿ ತಾಲೂಕಿನ ಆನೆಗೊಂದಿ ಸುತ್ತಮುತ್ತ ಹಂಪಿ ವಿಶ್ವ ಪರಂಪರೆ ಪ್ರದೇಶದ ಕಟ್ಟುಪಾಡುಗಳಿವೆ. ವಿರೂಪಾಪುರ ಗಡ್ಡೆಯಲ್ಲಿ ಕಟ್ಟಿದ್ದ ಹೋಟೆಲು, ರೆಸಾರ್ಟುಗಳನ್ನು ತೆರವು ಮಾಡಬೇಕೆಂಬ ಆದೇಶವನ್ನು 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಮಾರ್ಚ್‌ನಲ್ಲಿ ಕಟ್ಟಡಗಳು ನೆಲಸಮವಾದವು. ಎಷ್ಟು ವರ್ಷದಿಂದ ಇದ್ದೇವೆ, ಎಷ್ಟು ಹಣ ಹಾಕಿದ್ದೇವೆ ಎಂಬುದು ಅಲ್ಲಿ ಲೆಕ್ಕಕ್ಕೆ ಬರಲಿಲ್ಲ. ಆ ಭಾಗದಲ್ಲಿ ಕೊಳ್ಳುವವರು ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದಲ್ಲಿ ವಿಚಾರಿಸಬೇಕು.

7. ಅಕ್ಕತಂಗಿಯರ ಸಹಿ ಇದೆಯೇ?

ಇದು ನಮಗೆಲ್ಲಾ ಹತ್ತಿರದ ಮಾತು. ಹಿರಿಯರ ಆಸ್ತಿ ಮಾರುವಾಗ ಅಣ್ಣತಮ್ಮಂದಿರು ಸಹಿ ಹಾಕಿ, ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರನ್ನೇ ಎತ್ತುವುದಿಲ್ಲ. 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಇದೆ. ತಿದ್ದುಪಡಿಯ ದಿನ ತಂದೆ ಬದುಕಿರಬೇಕೆಂದೇನೂ ಇಲ್ಲ ಎಂದು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಮುಸ್ಲಿಂ, ಕ್ರೈಸ್ತ ಕುಟುಂಬಗಳಲ್ಲಿಯೂ ಹೆಣ್ಣುಮಕ್ಕಳಿಗೆ ಪಾಲಿದೆ, ಲೆಕ್ಕ ಬೇರೆ ಅಷ್ಟೇ.

ಆದ್ದರಿಂದ ವಂಶಾವಳಿ ಕೇಳಿ. ಅದರಲ್ಲಿ ಇರುವ ಎಲ್ಲರೂ, ಅಕ್ಕತಂಗಿಯರೂ, ತೀರಿಹೋದವರ ಹೆಂಡತಿ ಮಕ್ಕಳೂ, ಕ್ರಯಪತ್ರಕ್ಕೆ ಸಹಿ ಮಾಡುತ್ತಾರೆಯೇ? ಒಬ್ಬ ತಂಗಿಯ ಸಹಿ ಬಿಟ್ಟುಹೋದರೆ ನಾಳೆ ಅವಳು ದಾವೆ ಹಾಕಬಹುದು. ಹಾಕಿದರೆ ಅವಳದು ತಪ್ಪೂ ಅಲ್ಲ. ಇನ್ನೊಬ್ಬ ಹೆಣ್ಣುಮಗಳ ಪಾಲನ್ನು ನುಂಗಿದ ಮನೆಯಲ್ಲಿ ನಾವು ನೆಮ್ಮದಿಯಿಂದ ಇರುವುದು ಹೇಗೆ? ಅವಳನ್ನು ಭೇಟಿಯಾಗಿ, "ತಂಗೀ, ನಿನಗ ಗೊತ್ತೈತೇನು? ನಿನ್ನ ಪಾಲು ಮುಟ್ಟೈತೇನು?" ಎಂದು ಕೇಳಿ. ಹಾಗೆಯೇ ನಿಮ್ಮ ತವರಿನವರು "ಇಲ್ಲೊಂದು ಸಹಿ ಮಾಡವ್ವಾ" ಎಂದರೆ ಓದದೆ ಮಾಡಬೇಡಿ.

8. ಹಣದ ಲೆಕ್ಕ

ಮನೆಯ ಬೆಲೆ ಎಂದರೆ ಮಾರುವವರು ಹೇಳಿದ ಬೆಲೆ ಮಾತ್ರ ಅಲ್ಲ. 6 ಲಕ್ಷದ ಮನೆಯೊಂದರ ಲೆಕ್ಕ ನೋಡೋಣ. ಮುದ್ರಾಂಕ ಶುಲ್ಕ ನೂರಕ್ಕೆ 5ರಂತೆ 30,000 ರೂ. ಅದರ ಮೇಲೆ ಸೆಸ್ ನೂರಕ್ಕೆ 10ರಂತೆ 3,000 ರೂ. ಹಳ್ಳಿಯಲ್ಲಿ ಸರ್‌ಚಾರ್ಜ್ ನೂರಕ್ಕೆ 3ರಂತೆ 900 ರೂ. ನೋಂದಣಿ ಶುಲ್ಕ ಮೊದಲು ನೂರಕ್ಕೆ 1 ಇತ್ತು; 2025ರ ಆಗಸ್ಟ್ 31ರಿಂದ 2 ಆಗಿದೆ, ಅಂದರೆ 12,000 ರೂ. ಒಟ್ಟು 45,900 ರೂ. ವಕೀಲರ ಖರ್ಚು, ರಿಪೇರಿ ಬೇರೆ. ಸರ್ಕಾರದ ಮಾರ್ಗಸೂಚಿ ಬೆಲೆ ನಿಮ್ಮ ಬೆಲೆಗಿಂತ ಹೆಚ್ಚಿದ್ದರೆ ಶುಲ್ಕ ಅದರ ಮೇಲೆ. ಇದನ್ನು ಮೊದಲೇ ಎಣಿಸದೆ ಕೊನೆಯ ವಾರದಲ್ಲಿ ನಾಲ್ಕು ಕಡೆ ಫೈನಾನ್ಸ್ ಸಾಲ ಎತ್ತುವುದು ಬೇಡ.

ಶುಲ್ಕ ಉಳಿಸಲು ಪತ್ರದಲ್ಲಿ ಕಡಿಮೆ ಬೆಲೆ ಬರೆಸಬೇಡಿ. ವ್ಯವಹಾರ ಮುರಿದರೆ ಬರೆದಷ್ಟಕ್ಕೇ ಸಾಕ್ಷಿ. ಆಸ್ತಿ ವ್ಯವಹಾರದಲ್ಲಿ 20,000 ರೂ. ಅಥವಾ ಹೆಚ್ಚಿನ ಮೊತ್ತವನ್ನು ಮುಂಗಡವಾಗಿ ನಗದು ಪಡೆಯಬಾರದೆಂಬ ನಿಯಮ 2015ರ ಜೂನ್ 1ರಿಂದ ಇದೆ. ಚೆಕ್ ಅಥವಾ ಬ್ಯಾಂಕ್ ಮೂಲಕವೇ ಕೊಡಿ. ಸಂಚಕಾರದ ಕರಾರಿನಲ್ಲಿ "ಕಾಗದ ಸರಿ ಇಲ್ಲದಿದ್ದರೆ ಮುಂಗಡ ವಾಪಸು" ಎಂಬ ಮಾತು ಬರೆಸಿ.

ಕೊನೆಯ ಮತ್ತು ಮುಖ್ಯ ಮಾತು: ಮನೆ ಯಾರ ಹೆಸರಿಗೆ? ಸಂಘದ ಸಾಲ ನಿಮ್ಮ ಹೆಸರಿನಲ್ಲಿ, ಮನೆ ಮಾತ್ರ ಬೇರೆಯವರ ಹೆಸರಿನಲ್ಲಿ ಆಗಬಾರದು. ನಿಮ್ಮ ಹೆಸರಿಗೆ ಅಥವಾ ಗಂಡ–ಹೆಂಡತಿ ಇಬ್ಬರ ಹೆಸರಿಗೆ ನೋಂದಣಿ ಮಾಡಿಸಿ. ನೋಂದಣಿ ಆದ ಮೇಲೆ ಖಾತಾ, ಕರೆಂಟು, ನಳದ ಹೆಸರು ಬದಲಿಸುವುದನ್ನು ಮರೆಯಬೇಡಿ.

9. ಸಂಘ ಏನು ಮಾಡಬಹುದು?

ಒಬ್ಬಳೇ ಹೋದರೆ ಹೆದರಿಕೆ, ಐದು ಜನ ಹೋದರೆ ಧೈರ್ಯ. ಸದಸ್ಯೆ ಮನೆ ಕೊಳ್ಳುವಾಗ ಸಂಘದಿಂದ ಇಬ್ಬರು ಜೊತೆಗೆ ಹೋಗಲಿ. ಮನೆಯ ಸಾಲಕ್ಕೆ ಠರಾವು ಮಾಡುವ ಮುಂಚೆ ಋಣಭಾರ ಪತ್ರ ಮತ್ತು ಖಾತಾ ನಕಲು ಸಭೆಯಲ್ಲಿ ಓದಬೇಕೆಂಬ ನಿಯಮ ಮಾಡಿಕೊಳ್ಳಿ. ಇದು ಸದಸ್ಯೆಗೂ ಒಳ್ಳೆಯದು, ಸಂಘದ ಹಣಕ್ಕೂ ಒಳ್ಳೆಯದು.

ವಕೀಲರ ಫೀಸಿಗೆ ಹೆದರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಕೊಪ್ಪಳದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಅಥವಾ ತಾಲೂಕು ನ್ಯಾಯಾಲಯದ ಸಮಿತಿಯಲ್ಲಿ ಕೇಳಿ. ಸಹಾಯವಾಣಿ 15100.

ಸಭೆಯಲ್ಲಿ ಚರ್ಚಿಸಿ

1. ನಮ್ಮ ಸಂಘದಲ್ಲಿ ಯಾರ ಮನೆ ಇನ್ನೂ ಬಾಂಡ್ ಪೇಪರ್ ಮೇಲೆಯೇ ಇದೆ? ಮಾರಿದವರು ಬದುಕಿರುವಾಗಲೇ ನೋಂದಣಿ ಮಾಡಿಸಲು ಏನು ಮಾಡಬೇಕು?
2. ನಮ್ಮ ಓಣಿಯ ಬೋರ್ ನೀರನ್ನು ಪರೀಕ್ಷೆ ಮಾಡಿಸಿದ್ದೇವೆಯೇ? ಈ ತಿಂಗಳು ಯಾರು ಮಾಡಿಸುತ್ತಾರೆ?
3. ನಮ್ಮಲ್ಲಿ ಎಷ್ಟು ಜನರ ಹೆಸರಿನಲ್ಲಿ ಮನೆ ಇದೆ? ಎಷ್ಟು ಜನರ ಹೆಸರಿನಲ್ಲಿ ಬರೀ ಸಾಲ ಇದೆ?

ಮೂರನೇ ಪ್ರಶ್ನೆಯ ಉತ್ತರವನ್ನು ಸಂಘದ ಪುಸ್ತಕದಲ್ಲಿ ಬರೆದಿಡಿ. ಮುಂದಿನ ವರ್ಷ ಇದೇ ತಿಂಗಳು ಮತ್ತೆ ಎಣಿಸಿ ನೋಡಿ.